ವೈರಸ್ಸಿನ ಜೊತೆ ಬಾಳುವುದು ಎಂದರೇನು?

(ವಾರ್ಷಿಕ ಸಹಾಯಾರ್ಥ ಸಂಜೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟಿರುವುದು ಇಪ್ಪತ್ತು ನಿಮಿಷ. ಪಕ್ಕದ ಕೋಣೆಯಿಂದ ಬಿಸಿಬೇಳೆ ಭಾತಿನ ಘಮಘಮ ಬರುತ್ತಿದೆ. ಅದರ ಎದುರು ಯಾವ ಭಾಷಣವೂ ನಿಲ್ಲುವುದಿಲ್ಲ ಎಂಬುದು ನನಗೆ ಗೊತ್ತು. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಈ ಸಲ ಕೋವಿಡ್ ಬಗ್ಗೆ ಮಾತಾಡಿ ಎಂದು ಕಾರ್ಯದರ್ಶಿಗಳು ಕೇಳಿದಾಗ, "ಅಯ್ಯೋ, ಅದನ್ನು ಮರೆಯಲೆಂದೇ ಜನ ಇಂಥ ಸಂಜೆಗೆ ಬರುತ್ತಾರೆ, ಬೇಡ ಬಿಡಿ" ಎಂದೆ. ಅವರು ಬಿಡಲಿಲ್ಲ. "ಬಾಗಿಲು ತೆರೆಯಬೇಕೋ ಮುಚ್ಚಬೇಕೋ ಎಂದು ಅಂದು ನಮ್ಮಲ್ಲೇ ಎಷ್ಟು ಜಗಳವಾಯಿತು! ಅದರಿಂದ ನಾವು ಕಲಿತದ್ದು ಏನು ಎಂದು ಯಾರಾದರೂ ಹೇಳಬೇಡವೇ?" ಎಂದರು. ಆ ಜಗಳದಲ್ಲಿ ನಾನೂ ಒಂದು ಪಕ್ಷ. ಮೂವತ್ತು ವರ್ಷ ಗ್ರೇಟರ್ ಮ್ಯಾಂಚೆಸ್ಟರಿನಲ್ಲಿ ಜಿ.ಪಿ. ಆಗಿದ್ದವಳು. ಒಪ್ಪಿಕೊಂಡೆ.

ಮೊದಲು ಒಂದು ಸಂಜೆಯನ್ನು ನೆನಪಿಸುತ್ತೇನೆ. 2020 ರ ಜುಲೈ 30, ಗುರುವಾರ. ಮರುದಿನ ಶುಕ್ರವಾರ, ವರಮಹಾಲಕ್ಷ್ಮಿ ಹಬ್ಬ. ಮಾರ್ಚ್ 23 ರಿಂದ ಮನೆಯಲ್ಲೇ ಕೂತಿದ್ದ ನಮಗೆ ಜುಲೈ ಮೊದಲ ವಾರದಿಂದ ಸ್ವಲ್ಪ ಉಸಿರು ಬಿಟ್ಟಂತಾಗಿತ್ತು. ಎರಡು ಮನೆಯವರು ಸೇರಬಹುದಿತ್ತು. ನಾನು ಕಲಶಕ್ಕೆ ಸೀರೆ ಉಡಿಸಿ, ಒಬ್ಬಟ್ಟಿನ ಹೂರಣ ರುಬ್ಬಿಟ್ಟು, ಓಲ್ಡಮ್ಮಿನ ಗೆಳತಿಯೊಬ್ಬಳನ್ನು ಅರಿಶಿನ ಕುಂಕುಮಕ್ಕೆ ಕರೆದಿದ್ದೆ. ರಾತ್ರಿ ಒಂಬತ್ತು ಗಂಟೆಯ ನಂತರ ಆಗಿನ ಆರೋಗ್ಯ ಸಚಿವ ಮ್ಯಾಟ್ ಹ್ಯಾನ್‌ಕಾಕ್ ಟ್ವಿಟರಿನಲ್ಲಿ ಘೋಷಿಸಿದರು: ಗ್ರೇಟರ್ ಮ್ಯಾಂಚೆಸ್ಟರ್, ಪೂರ್ವ ಲ್ಯಾಂಕಾಶೈರ್ ಮತ್ತು ಪಶ್ಚಿಮ ಯಾರ್ಕ್‌ಶೈರಿನ ಕೆಲವು ಭಾಗಗಳಲ್ಲಿ ಮಧ್ಯರಾತ್ರಿಯಿಂದಲೇ ಒಂದು ಮನೆಯವರು ಇನ್ನೊಂದು ಮನೆಯೊಳಗೆ ಹೋಗುವಂತಿಲ್ಲ! ಮರುದಿನ ನಮಗೆ ಹಬ್ಬ, ನಮ್ಮ ಮುಸಲ್ಮಾನ ನೆರೆಯವರಿಗೆ ಬಕ್ರೀದ್. ಪಕ್ಕದ ಮನೆಯವರು ಬೇಲಿಯಾಚೆಯಿಂದ, "ಡಾಕ್ಟರ್, ಇಪ್ಪತ್ತು ಜನಕ್ಕೆ ಬಿರಿಯಾನಿ ಆಗಿದೆ, ಏನು ಮಾಡಲಿ?" ಎಂದರು. "ನನ್ನ ಹತ್ತಿರ ನಲವತ್ತು ಒಬ್ಬಟ್ಟಿಗೆ ಹೂರಣ ಇದೆ" ಎಂದೆ. ಇಬ್ಬರೂ ನಕ್ಕೆವು. ಆದರೆ ಒಳಗೆ ಒಂದು ಮುಳ್ಳು ಉಳಿಯಿತು. ನಿರ್ಬಂಧ ತಪ್ಪು ಎಂದಲ್ಲ. ನಾಳೆ ಹಬ್ಬ ಇರುವ ಜನ ಇಲ್ಲಿದ್ದಾರೆ ಎಂಬುದು ಅವರಿಗೆ ಹೊಳೆಯಲೇ ಇಲ್ಲವಲ್ಲ ಎಂಬ ನೋವು.

ಈ ದೇಶದ ಬೇರೆ ಕಡೆ ಕೂತವರಿಗೆ ಕೋವಿಡ್ ಎಂದರೆ ಮೂರು ಲಾಕ್‌ಡೌನ್. ನಮ್ಮ ಮಿಡ್‌ಲ್ಯಾಂಡ್ಸ್ ಮತ್ತು ಉತ್ತರ ಭಾಗದವರಿಗೆ ಹಾಗಲ್ಲ. ಜೂನ್ 29 ರಂದು ಲೆಸ್ಟರಿಗೆ ಬೇರೆಯೇ ಬೀಗ ಬಿತ್ತು. ಜುಲೈ 4 ರಂದು ಇಂಗ್ಲೆಂಡಿನ ಉಳಿದ ಕಡೆ ಪಬ್ಬುಗಳು ತೆರೆದಾಗ ಅಲ್ಲಿ ಅಂಗಡಿಗಳೂ ಮುಚ್ಚಿದ್ದವು. ಸೆಪ್ಟೆಂಬರ್ 15 ರಿಂದ ಬರ್ಮಿಂಗ್‌ಹ್ಯಾಮ್, ಸ್ಯಾಂಡ್‌ವೆಲ್, ಸಾಲಿಹಲ್‌ಗಳಲ್ಲಿ ಮನೆಗಳ ಬೆರೆಯುವಿಕೆ ನಿಷೇಧ. ಅದೇ ತಿಂಗಳ ಕೊನೆಗೆ ಲೀಡ್ಸ್. ಅಕ್ಟೋಬರಿನಲ್ಲಿ ಮೂರು ಹಂತಗಳ ವ್ಯವಸ್ಥೆ ಬಂತು. ಮೇಯರ್ ಆಂಡಿ ಬರ್ನ್‌ಹ್ಯಾಮ್ ಗ್ರೇಟರ್ ಮ್ಯಾಂಚೆಸ್ಟರಿನ ದುಡಿಯುವ ಜನಕ್ಕೆ ಕನಿಷ್ಠ 6.5 ಕೋಟಿ ಪೌಂಡ್ ಬೇಕು ಎಂದರು, ಸರ್ಕಾರ 6 ಕೋಟಿಗೆ ನಿಂತಿತು. ಅಕ್ಟೋಬರ್ 20 ರಂದು ಮಾತುಕತೆ ಮುರಿದು 23 ರಿಂದ ಮೂರನೆಯ ಹಂತ ಜಾರಿಯಾಯಿತು. ಆ ದಿನ ಅವರು ರಸ್ತೆಯಲ್ಲಿ ನಿಂತು ಮಾತಾಡಿದ್ದನ್ನು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. ಅಂದಿನ ಪ್ರಶ್ನೆ ಬರೀ "ಮುಚ್ಚಬೇಕೇ?" ಎಂಬುದಾಗಿರಲಿಲ್ಲ. ಮುಚ್ಚಿದರೆ ಯಾರ ಅನ್ನ ಹೋಗುತ್ತದೆ, ಅವರಿಗೆ ಕೊಡುವವರು ಯಾರು ಎಂಬುದಾಗಿತ್ತು.

ಆ ಪ್ರಶ್ನೆ ನಮ್ಮ ಮನೆಯೊಳಗೂ ಬಂತು. ನನ್ನ ಮೈದುನ ಬರ್ಮಿಂಗ್‌ಹ್ಯಾಮಿನಲ್ಲಿ ಮದುವೆ ಮುಂಜಿಗಳಿಗೆ ಅಡುಗೆ ಮಾಡಿಸುವ ಸಣ್ಣ ಕೇಟರಿಂಗ್ ನಡೆಸುತ್ತಾನೆ. ಸೆಪ್ಟೆಂಬರ್ 28 ರಿಂದ ಮದುವೆಗೆ ಹದಿನೈದೇ ಜನ ಎಂದಾಗ ಅವನ ಒಲೆ ಆರಿತು. ಸ್ವಂತ ಪುಟ್ಟ ಕಂಪನಿಯಿಂದ ಲಾಭಾಂಶ ತೆಗೆದುಕೊಳ್ಳುವವರಿಗೆ ಸರ್ಕಾರದ ನೆರವು ಆ ಲಾಭಾಂಶವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಒಂದು ರಾತ್ರಿ ಫೋನಿನಲ್ಲಿ, "ಅತ್ತಿಗೆ, ನಿಮಗೆ ತಿಂಗಳಾದರೆ ದುಡ್ಡು ಬರುತ್ತೆ, ಅದಕ್ಕೇ ಮುಚ್ಚಿ ಮುಚ್ಚಿ ಅಂತೀರಿ" ಎಂದ. "ಮಾರಾಯ, ನಾನು ದಿನಾ ಸಾವಿನ ಸರ್ಟಿಫಿಕೇಟು ಬರೀತಿದ್ದೀನಿ" ಎಂದೆ. ಇಬ್ಬರೂ ಫೋನ್ ಇಟ್ಟೆವು. ಒಂದು ತಿಂಗಳು ಮಾತಿಲ್ಲ.

ದೊಡ್ಡವರ ಜಗಳವೂ ಇದೇ ಆಗಿತ್ತು. 2020 ರ ಅಕ್ಟೋಬರ್ 4 ರಂದು ಅಮೆರಿಕದ ಗ್ರೇಟ್ ಬ್ಯಾರಿಂಗ್‌ಟನ್ ಎಂಬ ಊರಿನಲ್ಲಿ ಮೂವರು ವಿಜ್ಞಾನಿಗಳು ಒಂದು ಘೋಷಣೆ ಹೊರಡಿಸಿದರು. ಅವರಲ್ಲಿ ಇಬ್ಬರು ಭಾರತೀಯ ಮೂಲದವರು, ಆಕ್ಸ್‌ಫರ್ಡಿನ ಸುನೇತ್ರಾ ಗುಪ್ತ ಮತ್ತು ಸ್ಟ್ಯಾನ್‌ಫರ್ಡಿನ ಜಯ್ ಭಟ್ಟಾಚಾರ್ಯ. ಅಪಾಯ ಇರುವವರನ್ನು ಮಾತ್ರ ಕಾಪಾಡಿ, ಉಳಿದವರು ಎಂದಿನಂತೆ ಬಾಳಲಿ ಎಂದು ಅವರ ವಾದ. ಹತ್ತೇ ದಿನದಲ್ಲಿ ಇನ್ನೊಂದು ಗುಂಪು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಜಾನ್ ಸ್ನೋ ಹೆಸರಿನ ಮನವಿಯಿಂದ ಉತ್ತರ ಕೊಟ್ಟಿತು. ನಮ್ಮ ಯಾರ್ಕಿನಲ್ಲಿ ಹುಟ್ಟಿ, 1854 ರಲ್ಲಿ ಲಂಡನ್ನಿನ ಕಾಲರಾಕ್ಕೆ ಬೀದಿಯ ಪಂಪಿನ ನೀರು ಕಾರಣ ಎಂದು ತೋರಿಸಿದ ವೈದ್ಯ ಈ ಜಾನ್ ಸ್ನೋ. ಅಪಾಯ ಇರುವವರನ್ನು ಸಮಾಜದಿಂದ ಬೇರ್ಪಡಿಸಿ ಕಾಪಾಡಲು ಸಾಧ್ಯವೇ ಇಲ್ಲ ಎಂದು ಅವರ ವಾದ. ನಾನು ಅವರ ಪಕ್ಷ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಅಜ್ಜಿ, ಮಗ, ಸೊಸೆ, ಮೊಮ್ಮಕ್ಕಳು ಒಂದೇ ಸೂರಿನ ಕೆಳಗೆ ಇದ್ದಾರೆ! ಮೊಮ್ಮಗ ಶಾಲೆಗೆ ಹೋಗಿ ಬಂದು ಅಜ್ಜಿಯ ತೊಡೆಯ ಮೇಲೆ ಕೂರುತ್ತಾನೆ. ಅಜ್ಜಿಯನ್ನು ಬೇರೆ ಇಡುವುದು ಎಲ್ಲಿ?

ಆಮೇಲೆ ಲಸಿಕೆ ಬಂತು. ಜಗತ್ತಿನಲ್ಲಿ ಪ್ರಯೋಗದ ಹೊರಗೆ ಫೈಜರ್ ಲಸಿಕೆಯ ಮೊದಲ ಚುಚ್ಚುಮದ್ದು ಬಿದ್ದದ್ದು ನಮ್ಮ ಕವೆಂಟ್ರಿಯಲ್ಲಿ, 2020 ರ ಡಿಸೆಂಬರ್ 8 ರಂದು, 90 ವರ್ಷದ ಮಾರ್ಗರೆಟ್ ಕೀನನ್ ಅವರಿಗೆ. ಜನವರಿಯಲ್ಲಿ ಬರ್ಮಿಂಗ್‌ಹ್ಯಾಮಿನ ಬಾಲ್ಸಾಲ್ ಹೀತ್‌ನಲ್ಲಿ ಮಸೀದಿಯೇ ಲಸಿಕೆ ಕೇಂದ್ರವಾಯಿತು. ನಮ್ಮ ಚಿಕಿತ್ಸಾಲಯದಲ್ಲಿ ಲಸಿಕೆ ಹಾಕಿಸಿಕೊಂಡ ಎಷ್ಟೋ ಹಿರಿಯರು ತಿಂಗಳುಗಳ ನಂತರ ಮೊದಲ ಸಲ ಮನೆಯಿಂದ ಹೊರಗೆ ಬಂದಿದ್ದರು. ಒಬ್ಬ ಅಜ್ಜಿ ಮದುವೆಗೆ ಹೊರಟಂತೆ ರೇಷ್ಮೆ ಸೀರೆ ಉಟ್ಟು ಬಂದಿದ್ದರು.

ಆದರೆ 2021 ರ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಣ್ಣು ಇಲ್ಲಿರಲಿಲ್ಲ, ತಾಯ್ನಾಡಿನಲ್ಲಿತ್ತು. ಏಪ್ರಿಲ್ 23 ರಿಂದ ಭಾರತ ಕೆಂಪು ಪಟ್ಟಿಗೆ ಸೇರಿತು. ಹೋದವರು ಹಿಂದಿರುಗಿದರೆ ಹೋಟೆಲಿನಲ್ಲಿ ಹತ್ತು ದಿನ, ತಲೆಗೆ 1,750 ಪೌಂಡ್. ಏಪ್ರಿಲ್ 27 ರಿಂದ ಕರ್ನಾಟಕಕ್ಕೆ ಮತ್ತೆ ಬೀಗ. ಮೇ 2 ರ ರಾತ್ರಿಯಿಂದ 3 ರ ಬೆಳಗಿನೊಳಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಜನ ರೋಗಿಗಳು ತೀರಿಕೊಂಡ ಸುದ್ದಿ, ಆಮ್ಲಜನಕದ ಕೊರತೆಯ ಸುದ್ದಿ. ಅದಾದ ಎರಡು ವಾರಕ್ಕೆ ಸಾಗರದಲ್ಲಿ ನಮ್ಮ ಅಪ್ಪಯ್ಯ ಹೋದರು. ನಾನು ಇಲ್ಲಿ ಅಡುಗೆಮನೆಯ ಮೇಜಿನ ಮೇಲೆ ಫೋನು ನಿಲ್ಲಿಸಿಕೊಂಡು ನೋಡಿದೆ. ಈ ಸಭೆಯಲ್ಲಿ ಹಾಗೆ ನೋಡಿದವರು ನಾನೊಬ್ಬಳೇ ಅಲ್ಲ, ನನಗೆ ಗೊತ್ತು. ಅಂದು ಮೊದಲು ಫೋನ್ ಮಾಡಿದವನು ಮೈದುನ. "ಅತ್ತಿಗೆ, ಊಟ ಮಾಡಿದ್ರಾ?" ಎಂದಷ್ಟೇ ಕೇಳಿದ. ಮರುದಿನ ಎರಡು ಗಂಟೆ ಕಾರು ಓಡಿಸಿಕೊಂಡು ಬಂದು ಬಾಗಿಲ ಹೊರಗೆ ಸಾರು, ಅನ್ನ ಇಟ್ಟು ಹೋದ.

ಜಗಳ ಅಲ್ಲಿಗೆ ಮುಗಿಯಲಿಲ್ಲ ಅನ್ನಿ! ಜುಲೈ ಬಂತು. ಜೂನ್ 21 ಕ್ಕೆ ಆಗಬೇಕಿದ್ದ ತೆರವು ಡೆಲ್ಟಾ ತಳಿಯ ಕಾರಣ ಜುಲೈ 19 ಕ್ಕೆ ಹೋಗಿತ್ತು. ಈಗಲ್ಲದಿದ್ದರೆ ಇನ್ನು ಯಾವಾಗ ಎಂದು ಪ್ರಧಾನಿ ಬೋರಿಸ್ ಜಾನ್ಸನ್ ಕೇಳಿದರು. ದಿನಕ್ಕೆ ಒಂದು ಲಕ್ಷ ಪ್ರಕರಣ ಬರಬಹುದು, ಆದರೂ ತೆರೆಯುತ್ತೇವೆ ಎಂದರು ರಾಚ್‌ಡೇಲಿನಲ್ಲಿ ಹುಟ್ಟಿ ಬ್ರಾಮ್ಸ್‌ಗ್ರೋವ್ ಪ್ರತಿನಿಧಿಯಾಗಿದ್ದ ಆರೋಗ್ಯ ಸಚಿವ ಸಾಜಿದ್ ಜಾವಿದ್. ಇದು ಅಪಾಯಕಾರಿ ಎಂದು ನೂರಕ್ಕೂ ಹೆಚ್ಚು ವಿಜ್ಞಾನಿಗಳು, ವೈದ್ಯರು 'ಲ್ಯಾನ್ಸೆಟ್'ಗೆ ಬರೆದರು. ತಮಾಷೆ ನೋಡಿ, ಆ 'ಸ್ವಾತಂತ್ರ್ಯ ದಿನ'ದಂದು ಸಚಿವರಿಗೆ ಸೋಂಕು ತಗುಲಿ, ಪ್ರಧಾನಿ, ಹಣಕಾಸು ಸಚಿವರೂ ಸೇರಿ ಮೂವರೂ ಮನೆವಾಸದಲ್ಲಿದ್ದರು! ಚೇತರಿಸಿಕೊಂಡ ಸಚಿವರು, ಜನ ಇನ್ನು ವೈರಸ್ಸಿಗೆ ಹೆದರಿ ಮುದುಡಿ ಕೂರಬೇಕಿಲ್ಲ ಎಂಬರ್ಥದ ಮಾತು ಬರೆದರು. ಆಪ್ತರನ್ನು ಕಳೆದುಕೊಂಡವರು ನೊಂದಾಗ ಮರುದಿನ ಅದನ್ನು ಅಳಿಸಿ ಕ್ಷಮೆ ಕೇಳಿದರು. ಕೇಳಿದ್ದು ದೊಡ್ಡತನ ಎಂದೇ ನಾನು ಎಣಿಸುತ್ತೇನೆ.

ಹಾಗಾದರೆ ಗೆದ್ದವರು ಯಾರು, ಅತ್ತಿಗೆಯೋ ಮೈದುನನೋ? ಪ್ರಾಮಾಣಿಕವಾಗಿ ಹೇಳುತ್ತೇನೆ. ನಾನು ಹೆದರಿದ್ದ ಲಕ್ಷದ ಲೆಕ್ಕ ಆ ಬೇಸಿಗೆಯಲ್ಲಿ ಬರಲಿಲ್ಲ. 50 ಸಾವಿರ ದಾಟಿದ್ದ ದಿನದ ಪ್ರಕರಣಗಳು ಜುಲೈ ಕೊನೆಗೆ ಅರ್ಧದಷ್ಟಾದವು. ಅಷ್ಟು ಹೊತ್ತಿಗೆ ಮೂರರಲ್ಲಿ ಎರಡು ಪಾಲು ವಯಸ್ಕರಿಗೆ ಎರಡೂ ಡೋಸು ಆಗಿತ್ತು. ಅದೇ ನಮ್ಮನ್ನು ಕಾಪಾಡಿದ್ದು. ಮೈದುನನ ಒಲೆ ಹೊತ್ತಿತು, ಅವನ ಕೆಳಗಿನ ಆರು ಸಂಸಾರಗಳು ಉಂಡವು. ಅದು ಸಣ್ಣ ಮಾತಲ್ಲ. ಆದರೆ ಆ ಶರತ್ಕಾಲದಲ್ಲಿ ಈ ದೇಶದಲ್ಲಿ ದಿನಕ್ಕೆ ಸರಾಸರಿ ನೂರಕ್ಕೂ ಹೆಚ್ಚು ಜನ ಸಾಯುತ್ತಲೇ ಇದ್ದರು. ಅದೂ ಸಣ್ಣ ಮಾತಲ್ಲ. ಲೆಕ್ಕದ ಒಂದೇ ಪುಟ ಓದಿ ನಾವಿಬ್ಬರೂ ಗೆದ್ದೆವು ಎಂದುಕೊಂಡಿದ್ದೆವು.

ಮುಂದಿನ ವರ್ಷ, 2022 ರ ಫೆಬ್ರವರಿ 21 ರಂದು ಸರ್ಕಾರ 'ಕೋವಿಡ್ ಜೊತೆ ಬಾಳುವುದು' ಎಂಬ ಯೋಜನೆ ಪ್ರಕಟಿಸಿತು. 24 ರಿಂದ ಸೋಂಕಿತರು ಪ್ರತ್ಯೇಕವಾಗಿರಬೇಕೆಂಬ ಕಾನೂನು ಹೋಯಿತು. ಅದರ ಜೊತೆಗೇ ಕಡಿಮೆ ಆದಾಯದವರಿಗೆ ಕೊಡುತ್ತಿದ್ದ 500 ಪೌಂಡ್ ಸಹಾಯವೂ ಹೋಯಿತು. ಕೆಲಸಕ್ಕೆ ಹೋಗದೆ ಮಲಗಿದರೆ ಆಗ ಸಿಗುತ್ತಿದ್ದ ಶಾಸನಬದ್ಧ ಅನಾರೋಗ್ಯ ವೇತನ ವಾರಕ್ಕೆ 96.35 ಪೌಂಡ್. ಅದರಲ್ಲಿ ಮನೆ ಬಾಡಿಗೆ ಕಟ್ಟುವುದು ಹೇಗೆ? ಏಪ್ರಿಲ್ 1 ರಿಂದ ಹೆಚ್ಚಿನವರಿಗೆ ಉಚಿತ ಪರೀಕ್ಷೆ ನಿಂತಿತು. ಅದೇ ದಿನ ರಾಷ್ಟ್ರೀಯ ಅಂಕಿಅಂಶ ಕಚೇರಿ ಹೇಳಿದ್ದೇನು ಗೊತ್ತೇ? ಇಂಗ್ಲೆಂಡಿನಲ್ಲಿ ಹದಿಮೂರು ಜನರಲ್ಲಿ ಒಬ್ಬರಿಗೆ ಸೋಂಕು ಇದೆ, ದೇಶದಲ್ಲಿ ಒಟ್ಟು 49 ಲಕ್ಷ, ಅಲ್ಲಿಯವರೆಗಿನ ಅತಿ ಹೆಚ್ಚು.

ಮರುದಿನ, ಏಪ್ರಿಲ್ 2, ಯುಗಾದಿ. ನಮ್ಮ ಕಾರ್ಯಕ್ರಮ ಇದ್ದದ್ದು ಅದರ ಮುಂದಿನ ಶನಿವಾರ. ಬರುವವರು ಮನೆಯಲ್ಲಿ ಪರೀಕ್ಷೆ ಮಾಡಿಕೊಂಡು ಬನ್ನಿ ಎಂದು ಕೇಳಬೇಕೇ ಎಂದು ಸಮಿತಿಯಲ್ಲಿ ಚರ್ಚೆ. ಎಲ್ಲರೂ ನನ್ನ ಮುಖ ನೋಡಿದರು. ನಾನು ದಣಿದಿದ್ದೆ. "ಕಾನೂನೇ ಇಲ್ಲದ ಮೇಲೆ ನಾವು ಯಾರು ಕೇಳಲು? ಅವರವರ ಇಷ್ಟ" ಎಂದುಬಿಟ್ಟೆ.

ಆ ವಾರವೇ ನಮ್ಮ ಹಿರಿಯರೊಬ್ಬರ ಫೋನ್ ಬಂತು. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ, ಹೆಸರು ಮಾತ್ರ ಬೇಡ ಎಂದಿದ್ದಾರೆ. ನಮ್ಮ ಮಕ್ಕಳಿಗೆ ಇಪ್ಪತ್ತು ವರ್ಷ ದೇವರನಾಮ ಹೇಳಿಕೊಟ್ಟವರು. ಮೂತ್ರಪಿಂಡದ ಕಸಿ ಆಗಿದೆ. ಕಸಿ ಉಳಿಯಲೆಂದು ತೆಗೆದುಕೊಳ್ಳುವ ಮಾತ್ರೆ ಮೈಯ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುತ್ತದೆ, ಅಂಥವರಿಗೆ ಲಸಿಕೆಯ ಬಲವೂ ಕಡಿಮೆ. "ಡಾಕ್ಟರಮ್ಮ, ಯುಗಾದಿಗೆ ನಾನು ಬರಬಹುದಾ?" ಎಂದರು. ನಾನು ಏನೇನೋ ವೈದ್ಯರ ಮಾತು ಹೇಳಿದೆ. ಅವರು ಸುಮ್ಮನೆ ಕೇಳಿ, "ಆಗಲಮ್ಮ, ಗೊತ್ತಾಯಿತು. ನಿಮಗೆಲ್ಲ ಬಾಗಿಲು ತೆರೆದ ದಿನವೇ ನನಗೆ ಮುಚ್ಚಿತು" ಎಂದರು. ಸಿಟ್ಟಿನಿಂದಲ್ಲ, ಹವಾಮಾನ ಹೇಳಿದ ಹಾಗೆ ಹೇಳಿದರು. ಆ ವರ್ಷ ಬೇವು ಬೆಲ್ಲ ಹಂಚುವಾಗ ನನ್ನ ಪಾಲಿಗೆ ಬೇವೇ ಹೆಚ್ಚು ಬಂತು.

ಆ ರಾತ್ರಿ ನನಗೆ ಅಪ್ಪಯ್ಯನ ನೆನಪಾಯಿತು. ನಮ್ಮ ಮಲೆನಾಡಿನವರಿಗೆ ವೈರಸ್ಸಿನ ಜೊತೆ ಬಾಳುವುದು 2022 ರಲ್ಲಿ ಹುಟ್ಟಿದ ಮಾತಲ್ಲ. 1957 ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನಕ್ಕೆ ಕಡುಜ್ವರ ಬಂತು. ಅದೇ ಮಂಗನ ಕಾಯಿಲೆ. ಇಡೀ ಜಗತ್ತಿನ ವೈದ್ಯಗ್ರಂಥಗಳಲ್ಲಿ ನಮ್ಮ ಕ್ಯಾಸನೂರಿನ ಹೆಸರಿನಲ್ಲೇ ಇದೆ. ಉಣ್ಣೆ ಹುಳ ಕಚ್ಚಿ ಹರಡುವ ವೈರಸ್ ಅದು. ಪ್ರತಿ ವರ್ಷ ಚಳಿ ಶುರುವಾದಾಗಿನಿಂದ ಮಳೆ ಬೀಳುವವರೆಗೆ ಅದರ ಕಾಲ. ಹಾಗೆಂದು ಮಲೆನಾಡಿನವರು ಕಾಡಿಗೆ ಹೋಗುವುದನ್ನು ಬಿಟ್ಟರೇ? ಸೊಪ್ಪು, ದರಗು, ಕಟ್ಟಿಗೆ ಇಲ್ಲದೆ ಮನೆ, ತೋಟ ನಡೆಯುವುದಿಲ್ಲ. ಅದಕ್ಕೆ ಅಪ್ಪಯ್ಯ ಮತ್ತು ಕೆಲಸದವರು ಕೈಕಾಲಿಗೆ ಡಿ.ಎಂ.ಪಿ. ಎಣ್ಣೆ ಹಚ್ಚಿಕೊಂಡು ಹೋಗುತ್ತಿದ್ದರು. ಬಂದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆ ಕುದಿಯುವ ನೀರಿಗೆ. ಎಲ್ಲಾದರೂ ಮಂಗ ಸತ್ತು ಬಿದ್ದರೆ ಆ ಕಡೆ ಹೋಗದೆ ಆರೋಗ್ಯ ಕೇಂದ್ರಕ್ಕೆ ಸುದ್ದಿ. "ಕಾಡು ನಮ್ಮದೇ, ಉಣ್ಣೆಯೂ ನಮ್ಮದೇ. ಎಣ್ಣೆ ಮರೆತವನು ಮಾತ್ರ ಕೆಟ್ಟ" ಎನ್ನುತ್ತಿದ್ದರು ಅಪ್ಪಯ್ಯ.

ಮರೆತಾಗ ಏನಾಗುತ್ತದೆ ಎಂಬುದನ್ನೂ ಮಲೆನಾಡು ಕಂಡಿದೆ. 2018 ರ ಕೊನೆ, 2019 ರ ಮೊದಲಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಕಾಯಿಲೆ ಎದ್ದು ಹಲವರು ತೀರಿಕೊಂಡರು. ಹಳೆಯ ಲಸಿಕೆಯ ಶಕ್ತಿ ಸಾಲದು ಎಂದು 2022 ರಲ್ಲಿ ಅದನ್ನು ನಿಲ್ಲಿಸಿಯೂ ಆಯಿತು. 'ಜೊತೆ ಬಾಳುವುದು' ಎಂದರೆ ಮರೆತು ಬಾಳುವುದು ಎಂದಾದರೆ, ಅದರ ಬೆಲೆಯನ್ನು ಮೊದಲು ಕಟ್ಟುವವರು ದರಗು ತರಲು ಕಾಡಿಗೆ ಹೋಗಲೇಬೇಕಾದ ಬಡವರು. ಇಲ್ಲಿ ಅದನ್ನು ಕಟ್ಟಿದವರು ಆ ನಮ್ಮ ಹಿರಿಯರು, ಜ್ವರ ಬಂದರೂ ಕೇರ್ ಹೋಮಿಗೆ ಕೆಲಸಕ್ಕೆ ಹೋಗಲೇಬೇಕಾದ ನಮ್ಮ ಹುಡುಗ ಹುಡುಗಿಯರು.

ಈ ದೇಶದ ವಿಚಾರಣಾ ಆಯೋಗವೂ ಹತ್ತಿರ ಹತ್ತಿರ ಇದೇ ಮಾತಿಗೆ ಬಂದಿದೆ. ಲೇಡಿ ಹ್ಯಾಲೆಟ್ ಅವರ ಎರಡನೆಯ ವರದಿ 2025 ರ ನವೆಂಬರ್ 20 ರಂದು ಬಂತು. ಸರ್ಕಾರಗಳು ಮಾಡಿದ್ದು ತೀರ ಕಡಿಮೆ, ತೀರ ತಡ ಎಂದು ಅದು ಹೇಳಿತು. ಲಾಕ್‌ಡೌನ್ ಒಂದು ವಾರ ಮೊದಲೇ ಬಂದಿದ್ದರೆ ಮೊದಲ ಅಲೆಯಲ್ಲಿ ಇಂಗ್ಲೆಂಡೊಂದರಲ್ಲೇ ಸುಮಾರು 23 ಸಾವಿರ ಸಾವು ತಪ್ಪುತ್ತಿತ್ತು ಎಂದಿತು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿತು. ಅದಕ್ಕೂ ಮೊದಲೇ ಸಣ್ಣ ಕ್ರಮಗಳನ್ನು ಕೈಗೊಂಡಿದ್ದರೆ ಆ ಲಾಕ್‌ಡೌನೇ ಬೇಕಾಗದೆ ಇರಬಹುದಿತ್ತು. ಮೈದುನನಿಗೆ ಇದನ್ನು ಓದಿ ಹೇಳಿದೆ. "ಅಂದ್ರೆ ಅತ್ತಿಗೆ, ಮೊದಲೇ ಎಣ್ಣೆ ಹಚ್ಚಿದ್ರೆ ನನ್ನ ಒಲೆಯೂ ಉರೀತಿತ್ತು, ನಿಮ್ಮ ರೋಗಿಗಳೂ ಉಳೀತಿದ್ರು" ಎಂದ. ಐದು ವರ್ಷದ ಜಗಳ ಒಂದು ಮಾತಿನಲ್ಲಿ ಮುಗಿಯಿತು.

ಸಭಿಕರೇ, ಈಗ ನಮ್ಮ ಕೈಯಲ್ಲಿರುವ ಎಣ್ಣೆ ಯಾವುದು? ವಿಶ್ವ ಆರೋಗ್ಯ ಸಂಸ್ಥೆ 2023 ರ ಮೇ 5 ರಂದು ಜಾಗತಿಕ ತುರ್ತುಸ್ಥಿತಿ ಮುಗಿಯಿತು ಎಂದಿತು. ವೈರಸ್ ಮುಗಿಯಿತು ಎನ್ನಲಿಲ್ಲ. ಯಾರನ್ನೂ ಕೂಡಿಹಾಕುವುದು ಬೇಡ. ಯಾರನ್ನೂ ಹೊರಗಿಡುವುದೂ ಬೇಡ. ಕೆಮ್ಮು ಜ್ವರ ಇದ್ದರೆ ಆ ದಿನ ಮನೆಯಲ್ಲಿರಿ, ಪ್ರಸಾದವನ್ನು ನಾವೇ ಮುಟ್ಟಿಸುತ್ತೇವೆ. ಲಸಿಕೆಗೆ ಕರೆ ಬಂದ ಹಿರಿಯರು ಹೋಗಿ ಹಾಕಿಸಿಕೊಳ್ಳಿ. ಚಳಿ ಎಂದು ಎಲ್ಲ ಕಿಟಕಿ ಮುಚ್ಚಬೇಡಿ. ವೇದಿಕೆಯ ಪಕ್ಕದಲ್ಲಿ ಗಡಿಯಾರದಂಥ ಒಂದು ಸಣ್ಣ ಯಂತ್ರ ಇಟ್ಟಿದ್ದೇವೆ, ನೋಡಿ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಎಷ್ಟು ಎಂದು ತೋರಿಸುತ್ತದೆ. ಹೊರಗಿನ ಗಾಳಿಯಲ್ಲಿ 400 ರ ಮೇಲಷ್ಟೇ ಇರುತ್ತದೆ. ಒಳಗೆ ಸತತವಾಗಿ 1,500 ದಾಟಿದರೆ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆಯುತ್ತಿದ್ದೇವೆ ಎಂದು ಅರ್ಥ. ಈಗ 1,100 ತೋರಿಸುತ್ತಿದೆ. ಹಿಂದಿನ ಸಾಲಿನವರು ದಯವಿಟ್ಟು ಆ ಎರಡು ಕಿಟಕಿ ತೆರೆಯಿರಿ!

2023 ರ ದೀಪಾವಳಿಗೆ ಈ ಯಂತ್ರವನ್ನೂ, ಬಾಡಿಗೆಗೆ ತಂದ ಎರಡು ಗಾಳಿ ಶೋಧಕಗಳನ್ನೂ ಇಟ್ಟು ನಾನೇ ಆ ಹಿರಿಯರಿಗೆ ಫೋನ್ ಮಾಡಿದೆ. ಮೂರೂವರೆ ವರ್ಷದ ನಂತರ ಬಂದರು. ಬಾಗಿಲ ಹತ್ತಿರ ಮಾಸ್ಕ್ ಹಾಕಿಕೊಂಡು ಕೂತರು. ಮಕ್ಕಳು ಹಾಡುವಾಗ ಅವರ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಒಂದು ಕಡೆ ಹುಡುಗಿಯೊಬ್ಬಳು ತಪ್ಪಿದಾಗ, ಮಾಸ್ಕಿನೊಳಗಿಂದಲೇ ಸರಿಯಾದ ಸ್ವರ ಕೇಳಿಬಂತು.

ಈ ವರ್ಷ ನಿಮ್ಮ ದೇಣಿಗೆಯನ್ನು ಮೂರು ಕೆಲಸಕ್ಕೆ ಬಳಸಬೇಕೆಂದು ಸಮಿತಿ ನಿರ್ಧರಿಸಿದೆ. ಬಾಡಿಗೆಯ ಬದಲು ನಮ್ಮದೇ ಗಾಳಿ ಶೋಧಕಗಳು. ಹೊರಗೆ ಬರಲಾಗದ ಹಿರಿಯರಿಗೆ ವಾರಕ್ಕೊಮ್ಮೆ ಫೋನು, ಬೇಕಾದಲ್ಲಿ ಊಟ. ಕಾಯಿಲೆ ಬಿದ್ದು ಕೂಲಿ ಕಳೆದುಕೊಂಡ ಹೊಸಬರಿಗೆ ಒಂದು ವಾರದ ದಿನಸಿಯ ಸಹಾಯ. ದೊಡ್ಡ ಯೋಜನೆಗಳಲ್ಲ, ಕೈಕಾಲಿಗೆ ಹಚ್ಚುವ ಎಣ್ಣೆಯಷ್ಟೇ. ಊಟದ ಮನೆಯ ಬಾಗಿಲಲ್ಲಿ ಪೆಟ್ಟಿಗೆ ಇದೆ. ಅದರ ಪಕ್ಕದಲ್ಲೇ ನನ್ನ ಮೈದುನ ಸೌಟು ಹಿಡಿದು ನಿಂತಿದ್ದಾನೆ. ಇಂದಿನ ಅಡುಗೆ ಅವನದೇ, ಅವನ ಕಡೆಯ ಕಾಣಿಕೆ. ಪೆಟ್ಟಿಗೆಗೆ ಹಾಕದೆ ಮುಂದೆ ಹೋದವರಿಗೆ ಬಿಸಿಬೇಳೆ ಭಾತಿಗೆ ತುಪ್ಪ ಬೀಳುವುದಿಲ್ಲ ಎಂದು ಅವನು ಹೇಳಿ ಕಳಿಸಿದ್ದಾನೆ!